ಗುಜರಿಯಿಂದ ಬಂದ ಸೀಮರ್, ಹತ್ತು ಕೆಜಿ ದಾಟಿದ ಮಟನ್: ಮೂರು ತಿಂಗಳ ರಿಪೇರಿ ದಿನಚರಿ

ಹುಬ್ಬಳ್ಳಿಯ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್. ಪಂಪಿನ ಶಾಫ್ಟು, ಟ್ರ್ಯಾಕ್ಟರ್ ಬುಷ್ಷು, ಇಂಥವೇ ಕೆಲಸ. ಅಲ್ಲಿನ ಮೂಲೆ ಕಪಾಟಿನಲ್ಲಿ ಈಗ ಐದು ಮಟನ್ ಡಬ್ಬಿಗಳು ಕೂತಿವೆ. ಮೇಲೆ ಕೆಂಪು ಪೇಂಟಿನಲ್ಲಿ ‘ತಿನ್ನಬಾರದು’ ಅಂತ ಬರೆದಿದ್ದೇನೆ. ನಮ್ಮ ಕಾಕಾ ದಿನಾ ಸಂಜೆ ಬಂದು ಅವನ್ನು ಎಣಿಸಿ ಹೋಗುತ್ತಾರೆ.

ಕಾಕಾ ಸೈನ್ಯದಲ್ಲಿ ಇದ್ದು ಬಂದವರು. ಎತ್ತರದ ಚೌಕಿಗಳಲ್ಲಿ ಡಬ್ಬಿ ಮಟನ್ನೇ ಊಟ. ಸೀಮೆಎಣ್ಣೆ ಒಲೆಯ ಮೇಲೆ ಕಾಯಿಸಿ, ಚಾಕುವಿನಿಂದ ಕುತ್ತಿ ತೆಗೆದು ತಿಂದಿದ್ದನ್ನು ಅವರು ಹೇಳುವಾಗ ನಮ್ಮ ಮನೆಯ ಸಾವಜಿ ಊಟವೂ ಸಪ್ಪೆ ಅನ್ನಿಸುತ್ತದೆ. ಹಾಗಾಗಿ ಗುಜರಿಯಲ್ಲಿ ಡಬ್ಬಿ ಮುಚ್ಚುವ ಯಂತ್ರ, ಅಂದರೆ ಸೀಮರ್, ಕಂಡಾಗ ನನ್ನ ತಲೆಗೆ ಬಂದದ್ದು ಒಂದೇ. ಸಾವಜಿ ಮಟನ್ ಡಬ್ಬಿ.

ಮೊದಲೇ ಹೇಳಿಬಿಡುತ್ತೇನೆ. ಇದು ಯಂತ್ರ ರಿಪೇರಿಯ ಲೆಕ್ಕ, ಅಡುಗೆ ಪಾಠ ಅಲ್ಲ. ಇದನ್ನು ಓದಿ ಮನೆಯಲ್ಲಿ ಮಾಂಸ ಡಬ್ಬಿ ಮಾಡಿ ತಿನ್ನಲು ಹೋಗಬೇಡಿ.

ಫೆಬ್ರವರಿ 2: ಖರೀದಿ

ಕೈಯಿಂದ ತಿರುಗಿಸುವ ಸೀಮರ್. ಧಾರವಾಡದ ಕಡೆ ಮುಚ್ಚಿಹೋದ ಮಾವಿನ ರಸದ ಘಟಕದ್ದಂತೆ. ಆಪೂಸು ಬೆಳೆಯುವ ಊರು, ಅಂಥ ಘಟಕ ಇದ್ದಿದ್ದರಲ್ಲಿ ಆಶ್ಚರ್ಯ ಇಲ್ಲ. ತೂಕ 46 ಕೆಜಿ. ಕೆಜಿಗೆ 45 ರೂಪಾಯಿಯಂತೆ 2,070 ಕೊಟ್ಟೆ. ಗುಜರಿಯವನು ‘ಇದು ಚಕ್ಕುಲಿ ಮಶಿನ್’ ಅಂತ ನಂಬಿದ್ದ. ನಾನೂ ತಿದ್ದಲು ಹೋಗಲಿಲ್ಲ.

ಇದು ಎ2½ ಅಳತೆಯ ಡಬ್ಬಿಗೆ ಮಾಡಿದ ಯಂತ್ರ. 850 ಗ್ರಾಂ ಮಾವಿನ ರಸ ಬರುತ್ತದಲ್ಲ, ಅದೇ ಡಬ್ಬಿ. ಡಬ್ಬಿಯವರ ಭಾಷೆಯಲ್ಲಿ 401 × 411. ಮೊದಲ ಅಂಕಿ ಇಂಚು, ಉಳಿದ ಎರಡು ಇಂಚಿನ ಹದಿನಾರನೇ ಭಾಗ. ಅಂದರೆ ಅಡ್ಡಳತೆ 4 ಇಂಚು ಮತ್ತು 1/16, ಎತ್ತರ 4 ಇಂಚು ಮತ್ತು 11/16. ಇದು ಗೊತ್ತಾಗುವ ತನಕ ನಾನು 401 ಅನ್ನು ಪಾರ್ಟ್ ನಂಬರ್ ಅಂದುಕೊಂಡು ಒಂದು ದಿನ ಪೂರ್ತಿ ಹುಡುಕಾಡಿದ್ದೆ.

ಬಿಚ್ಚಿ ನೋಡಿದಾಗ ಕಂಡದ್ದು: ಗೇರ್ ಚೆನ್ನಾಗಿದೆ. ಮುಚ್ಚಳವನ್ನು ಮೇಲಿನಿಂದ ಹಿಡಿಯುವ ಚಕ್ ತುಕ್ಕು ಹಿಡಿದಿದೆ, ಆದರೆ ಉಳಿಯುತ್ತದೆ. ಎರಡೂ ರೋಲರ್‌ಗಳ ಗಾಡಿ, ಅಂದರೆ ಸುತ್ತಲಿನ ತೋಡು, ಸವೆದು ಗುಂಡಿ ಬಿದ್ದಿದೆ. ಕೆಳಗಿನ ತಟ್ಟೆಯನ್ನು ಎತ್ತಿ ಹಿಡಿಯುವ ಸ್ಪ್ರಿಂಗ್ ಇದೆ. ಈ ಸ್ಪ್ರಿಂಗನ್ನು ಅವತ್ತು ‘ಓಕೆ’ ಅಂತ ಬರೆದುಕೊಂಡೆ. ಮುಂದೆ ನನ್ನ ಎರಡು ವಾರ ತಿಂದದ್ದು ಅದೇ.

ಫೆಬ್ರವರಿ 5ರಿಂದ 9: ಬಿಚ್ಚುವುದು, ಮುರಿಯುವುದು

ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ವೈರ್ ಬ್ರಷ್ ಹಿಡಿದು ಉಜ್ಜಿದೆ. ಮುಖ್ಯ ಶಾಫ್ಟಿನ ಬುಷ್ ಕಚ್ಚಿಕೊಂಡಿತ್ತು. ಗ್ಯಾಸ್ ಟಾರ್ಚ್ ಹಿಡಿದು ಕಾಯಿಸಿ ತಟ್ಟಬೇಕಿತ್ತು. ನಾನು ಆತುರಕ್ಕೆ ತಣ್ಣಗಿದ್ದಾಗಲೇ ಎರಡು ಕೆಜಿ ಸುತ್ತಿಗೆಯಿಂದ ಬಿಗಿದೆ. ಬೀಡುಕಬ್ಬಿಣದ ಕಿವಿ ಮುರಿಯಿತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು ಬೀಡನ್ನು ತಣ್ಣಗೆ ಹೊಡೆಯುತ್ತಾನಾ? ಹೊಡೆದೆ. ಹಿತ್ತಾಳೆ ಬ್ರೇಜಿಂಗ್‌ಗೆ 350, ಹೊಸ ಬುಷ್ಷು, ಬೇರಿಂಗಿಗೆ 480.

ಫೆಬ್ರವರಿ 14ರಿಂದ 24: ರೋಲರ್

ಮುಚ್ಚುವ ಕೆಲಸ ಎರಡು ಹೆಜ್ಜೆಯದು. ಮೊದಲ ರೋಲರ್ ಮುಚ್ಚಳದ ಅಂಚನ್ನು ಡಬ್ಬಿಯ ಅಂಚಿನ ಕೆಳಗೆ ಸುರುಳಿ ಸುತ್ತುತ್ತದೆ. ಎರಡನೆಯದು ಅದನ್ನು ಚಪ್ಪಟೆಯಾಗಿ ಒತ್ತುತ್ತದೆ. ಸೀರೆಯ ಅಂಚನ್ನು ಎರಡು ಮಡಿಕೆ ಮಡಚಿ ಹೊಲಿಯುತ್ತಾರಲ್ಲ, ಹಾಗೆ. ಒಟ್ಟು ಐದು ಪದರ ತಗಡು, ಮೂರು ಮುಚ್ಚಳದ್ದು, ಎರಡು ಡಬ್ಬಿಯದು. ನಡುವೆ ಮುಚ್ಚಳದ ಅಂಚಿಗೆ ಹಚ್ಚಿದ ತೆಳು ರಬ್ಬರು. ಬೆಸುಗೆ ಇಲ್ಲ, ಅಂಟು ಇಲ್ಲ.

ನನ್ನ ತಪ್ಪು: ಹಳೆ ರೋಲರಿನ ಗಾಡಿಯ ಆಕಾರವನ್ನೇ ನಕಲು ಮಾಡಿದೆ. ಅದು ಸವೆದ ಆಕಾರ! ಸವೆದದ್ದನ್ನು ನಕಲು ಮಾಡಿದರೆ ಹೊಸ ರೋಲರ್ ಹುಟ್ಟುತ್ತಲೇ ಮುದುಕ. ಅದೂ ಸಾದಾ ಎಂಎಸ್, ಅಂದರೆ ಮೆತ್ತನೆ ಕಬ್ಬಿಣದಲ್ಲಿ ತಿರುಗಿಸಿದ್ದೆ. ಮೂವತ್ತು ಮುಚ್ಚಳಕ್ಕೆ ಗೀರು ಬಿತ್ತು.

ಆಮೇಲೆ ಅಂಗಡಿಯಿಂದ ಒಂದು ಮಾವಿನ ರಸದ ಡಬ್ಬಿ ತಂದೆ. ರಸ ಮಕ್ಕಳಿಗೆ. ಡಬ್ಬಿಯ ಅಂಚನ್ನು ಹ್ಯಾಕ್ಸಾದಿಂದ ಅಡ್ಡ ಕೊಯ್ದು, ಪಾಲಿಶ್ ಪೇಪರ್ ಹಿಡಿದು, ಭೂತಗನ್ನಡಿಯಲ್ಲಿ ನೋಡಿದೆ. ಆಗ ಅರ್ಥ ಆಯಿತು, ಒಳ್ಳೆ ಸೀಮ್, ಅಂದರೆ ಆ ಮಡಿಕೆ, ಹೇಗಿರಬೇಕು ಅಂತ. ಆ ಆಕಾರಕ್ಕೆ ಹೊಂದುವಂತೆ ಇಎನ್31 ಅನ್ನುವ ಗಟ್ಟಿ ಉಕ್ಕಿನಲ್ಲಿ ಎರಡು ರೋಲರ್ ತಿರುಗಿಸಿ, ಗಟ್ಟಿ ಮಾಡಿಸಿ, ಗಾಡಿಯನ್ನು ಕನ್ನಡಿಯಂತೆ ಉಜ್ಜಿದೆ. ಉಕ್ಕು, ಹಾರ್ಡನಿಂಗ್ ಸೇರಿ 1,650.

ಮಾರ್ಚ್ 1ರಿಂದ 12: ನೀರು ತುಂಬಿ ಪರೀಕ್ಷೆ

50 ಸಾದಾ ತವರದ ಡಬ್ಬಿ, ಮುಚ್ಚಳ ಸಮೇತ 32 ರೂಪಾಯಿಗೊಂದರಂತೆ 1,600. ಮುಚ್ಚಳಗಳಿಗೆ ಧೂಳಿತ್ತು ಅಂತ ಬಿಸಿ ಸೋಡಾ ನೀರಿನಲ್ಲಿ ಗಸಗಸ ತಿಕ್ಕಿ ತೊಳೆದೆ. ಅಂಚಿನ ರಬ್ಬರು ಸಿಪ್ಪೆಯಂತೆ ಎದ್ದು ಬಂತು. ಹನ್ನೆರಡು ಮುಚ್ಚಳ ಹಾಳು. ಮುಚ್ಚಳ ತೊಳೆಯಬಾರದು, ಒಣ ಬಟ್ಟೆಯಿಂದ ಒರೆಸಬೇಕು ಅಷ್ಟೇ.

ಸೋರಿಕೆ ನೋಡಲು ಹೀಗೆ ಮಾಡಿದೆ. ಡಬ್ಬಿಯ ತಳಕ್ಕೆ ಸೈಕಲ್ ಟ್ಯೂಬಿನ ವಾಲ್ವ್ ಬೆಸೆದು, ಖಾಲಿ ಡಬ್ಬಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಪಂಪಿನಿಂದ 15 ಪಿಎಸ್‌ಐ ಗಾಳಿ ತುಂಬಿದೆ. ಹತ್ತರಲ್ಲಿ ಆರು ಡಬ್ಬಿಗಳಿಂದ ಗುಳ್ಳೆ. ಹೊರಗಿನಿಂದ ನೋಡಿದರೆ ಸೀಮ್ ಅಂದವಾಗಿತ್ತು. ಕಾಕಾ ಅಂತೂ ‘ಏ, ಕಂಪನಿ ಡಬ್ಬಿ ಇದ್ದಂಗ ಐತಲೇ’ ಅಂದರು.

ಕೊಯ್ದು ಅಳೆದೆ. ದಪ್ಪ 1.35 ಮಿ.ಮೀ. ಸರಿ ಇದೆ. ತಗಡು ಡಬ್ಬಿಗೆ 0.22, ಮುಚ್ಚಳಕ್ಕೆ 0.24. ಐದು ಪದರ ಕೂಡಿಸಿದರೆ 1.16, ರಬ್ಬರಿಗೆ ಸ್ವಲ್ಪ ಜಾಗ ಬಿಟ್ಟರೆ 1.30ರಿಂದ 1.40 ಬರಬೇಕು. ಸೀಮ್ ಎತ್ತರ 3.05. ಅದೂ ಪರವಾಗಿಲ್ಲ. ಮುಚ್ಚಳದ ಹುಕ್, ಅಂದರೆ ಒಳಗೆ ಮಡಚಿಕೊಂಡ ಅಂಚು, 1.9. ಡಬ್ಬಿಯ ಹುಕ್ ಮಾತ್ರ 1.4, ಸುಮಾರು 2.0 ಇರಬೇಕಿತ್ತು. ಎರಡು ಹುಕ್ಕುಗಳು ಒಂದನ್ನೊಂದು ಹಿಡಿದಿರುವುದು ಬರೀ ಅರ್ಧ ಮಿ.ಮೀ. ಬೇಕಾದದ್ದು ಕನಿಷ್ಠ ಒಂದು ಮಿ.ಮೀ.

ನಾನು ರೋಲರ್ ಮೇಲೆ ಅನುಮಾನ ಪಟ್ಟೆ. ಬಿಗಿ ಮಾಡಿದೆ. ಸೀಮಿನ ಒಳ ಅಂಚು ಚಕ್ಕಿನ ಮೇಲೇರಿ ಬ್ಲೇಡಿನ ಹಾಗೆ ಚೂಪಾಯಿತು, ಬೆರಳು ಕೊಯ್ದುಕೊಂಡೆ. ಸಡಿಲ ಮಾಡಿದೆ. ಈಗ ಎರಡೂ ಹುಕ್ಕು ಸಾಲದು. ಹೀಗೆ ಒಂಬತ್ತು ದಿನ. ರೋಲರ್ ಬಿಚ್ಚು, ಹಾಕು, ಡಬ್ಬಿ ಕೊಯ್ಯಿ. ಕೊನೆಗೆ ನಮ್ಮ ಟರ್ನರ್ ಹುಡುಗ ಸುಮ್ನೆ ತಟ್ಟೆಯ ಮೇಲೆ ಕೈ ಊರಿ ನಿಂತಿದ್ದ. ತಟ್ಟೆ ಕೆಳಗೆ ಇಳಿಯಿತು! ಡಬ್ಬಿಯನ್ನು ಚಕ್ಕಿಗೆ ಒತ್ತಿ ಹಿಡಿಯುವ ಸ್ಪ್ರಿಂಗ್ ಸತ್ತಿತ್ತು. ಒತ್ತಡ ಕಡಿಮೆಯಾದರೆ ಡಬ್ಬಿಯ ಹುಕ್ ಗಿಡ್ಡ ಆಗುತ್ತದೆ. ಫೆಬ್ರವರಿ 2ರಂದು ‘ಓಕೆ’ ಅಂತ ಬರೆದಿದ್ದೆನಲ್ಲ, ಅದೇ ಸ್ಪ್ರಿಂಗ್. ಹೊಸದಕ್ಕೆ 120 ರೂಪಾಯಿ.

ಮಾರ್ಚ್ 12ರ ಅಳತೆ: ಡಬ್ಬಿ ಹುಕ್ 2.0, ಮುಚ್ಚಳ ಹುಕ್ 1.9, ಹಿಡಿತ 1.15. ಹತ್ತಕ್ಕೆ ಹತ್ತು ಡಬ್ಬಿ ಗುಳ್ಳೆ ಇಲ್ಲ.

ಈ ಹುಕ್ಕಿನ ಮುಚ್ಚಳ ಬಂದದ್ದು ಬಹಳ ತಡವಾಗಿ. ಡಬ್ಬಿಗಿಂತ ಮೊದಲು ಗಾಜಿನ ಬಾಟಲಿ ಇತ್ತು. ಫ್ರಾನ್ಸಿನ ನಿಕೋಲಾ ಅಪೇರ್ ಅನ್ನುವ ಮಿಠಾಯಿಗಾರ ಮಾಂಸ, ತರಕಾರಿಗಳನ್ನು ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಕುದಿನೀರಿನಲ್ಲಿ ಇಟ್ಟು ಕೆಡದಂತೆ ಮಾಡಿದ. 1810ರಲ್ಲಿ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತವರದ ಡಬ್ಬಿಗೆ ಪೇಟೆಂಟ್ ತೆಗೆದ. 1813ರ ಹೊತ್ತಿಗೆ ಬ್ರಯನ್ ಡಾಂಕಿನ್‌ನ ಕಾರ್ಖಾನೆ ಲಂಡನ್ನಿನ ಬರ್ಮಂಡ್ಸಿಯಲ್ಲಿ ಮಾಂಸದ ಡಬ್ಬಿ ಮಾಡುತ್ತಿತ್ತು. ಆಗೆಲ್ಲ ಸೀಸ ಬೆರೆತ ಬೆಸುಗೆ, ಒಂದೊಂದನ್ನೂ ಕೈಯಿಂದ. ಅದನ್ನು ತೆರೆಯಲು ಉಳಿ, ಸುತ್ತಿಗೆಯೇ ಗತಿ. ಅಮೆರಿಕದ ಎಜ್ರಾ ವಾರ್ನರ್ ಡಬ್ಬಿ ತೆರೆಯುವ ಸಲಕರಣೆಗೆ ಪೇಟೆಂಟ್ ಪಡೆದದ್ದು 1858ರಲ್ಲಿ. ಬೀಗ ಮಾಡಿ ನಲವತ್ತು ವರ್ಷ ಆದ ಮೇಲೆ ಕೀಲಿ ಮಾಡಿದ ಹಾಗೆ. ಕಾಕಾ ಚಾಕುವಿನಿಂದ ಕುತ್ತುತ್ತಿದ್ದದ್ದು ಹಳೆ ಸಂಪ್ರದಾಯವೇ ಅನ್ನಿ.

ಮಾರ್ಚ್ 16ರಿಂದ 20: ಆಟೋಕ್ಲೇವ್

ಕುಕ್ಕರ್ ಸಾಲುವುದಿಲ್ಲ. ಬೇಗ ಕಾದು ಬೇಗ ಆರುತ್ತದೆ, ಸೀಟಿ ಹೊಡೆದಾಗಲೆಲ್ಲ ಕಾವು ಏರಿಳಿಯುತ್ತದೆ. ಹಳೆಯ 40 ಲೀಟರಿನ ನಿಂತ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸುವ ದೊಡ್ಡ ಪಾತ್ರೆ, 6,500ಕ್ಕೆ ಸಿಕ್ಕಿತು. ಗ್ಯಾಸ್ಕೆಟ್, ಹೊಸ ಗೇಜ್, ಥರ್ಮಾಮೀಟರಿಗೆ 1,150.

ಇಲ್ಲಿ ಒಂದು ವಿಷಯ ಕಲಿತೆ. ಪುಸ್ತಕದಲ್ಲಿ ‘15 ಪಿಎಸ್‌ಐ ಅಂದರೆ 121 ಡಿಗ್ರಿ’ ಅಂತಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಹುಬ್ಬಳ್ಳಿ ಸುಮಾರು 2,100 ಅಡಿ ಎತ್ತರದಲ್ಲಿದೆ. ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಗೇಜ್ 15 ತೋರಿಸಿದಾಗ ಒಳಗೆ 120ರ ಆಸುಪಾಸು. 121 ಬೇಕಿದ್ದರೆ 16ರ ಮೇಲೆ ಹೋಗಬೇಕು. ಒಳಗೆ ಗಾಳಿ ಉಳಿದಿದ್ದರೆ ಗೇಜ್ ಇನ್ನೂ ಸುಳ್ಳು ಹೇಳುತ್ತದೆ. ಹಾಗಾಗಿ ಮೊದಲು 10 ನಿಮಿಷ ಹಬೆ ಬಿಟ್ಟು ಆಮೇಲೆ ವಾಲ್ವ್ ಮುಚ್ಚಬೇಕು. ನಾನು ಈಗ ಗೇಜ್ ನಂಬುವುದಿಲ್ಲ, ಥರ್ಮಾಮೀಟರ್ ನೋಡುತ್ತೇನೆ.

ಯಾಕಿಷ್ಟು ಹಟ ಅಂದರೆ, ಗಾಳಿ ಇಲ್ಲದ ಡಬ್ಬಿಯೊಳಗೆ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನುವ ಕ್ರಿಮಿ. ಅದರ ಬೀಜಕ ಬರೀ ಕುದಿನೀರಿಗೆ ಸಾಯುವುದಿಲ್ಲ. ಡಬ್ಬಿಯ ನಟ್ಟನಡುವೆ 121 ಡಿಗ್ರಿ ಮೂರು ನಿಮಿಷ ಸಿಗಬೇಕು. ಅದು ಬಿಡುವ ವಿಷ ಮನುಷ್ಯನನ್ನು ಕೊಲ್ಲುತ್ತದೆ. ಕೆಲವೊಮ್ಮೆ ಡಬ್ಬಿ ಉಬ್ಬುವುದೂ ಇಲ್ಲ, ವಾಸನೆಯೂ ಬರುವುದಿಲ್ಲ.

ಮಾರ್ಚ್ 23: ಮೊದಲ ಮಟನ್, ಪೂರ್ತಿ ಲಾಸ್

ಎಲುಬಿಲ್ಲದ ಮಟನ್ 3 ಕೆಜಿ, 2,700 ರೂಪಾಯಿ. ಸಾವಜಿ ಮಸಾಲೆ: ಹುರಿದ ಒಣಕೊಬ್ಬರಿ, ಗಸಗಸೆ, ಲವಂಗ, ದಾಲ್ಚಿನ್ನಿ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ. ಅರೆದ ಮಸಾಲೆಯಲ್ಲಿ ಮಟನ್ ಅರ್ಧ ಬೇಯಿಸಿದೆ. ಕುಗ್ಗಿ 2 ಕೆಜಿ ಆಯಿತು. ಡಬ್ಬಿಗೆ 500 ಗ್ರಾಂ ತುಂಡು, ಮೇಲೆ ಸಾರು, ಒಂದು ಬೆರಳಷ್ಟು ಜಾಗ ಖಾಲಿ. ನಾಲ್ಕು ಡಬ್ಬಿ. ತೆರೆದ ಡಬ್ಬಿಗಳನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು ನಡುಭಾಗ 80 ಡಿಗ್ರಿ ಆದ ಮೇಲೆ ಬಿಸಿಬಿಸಿ ಇರುವಾಗಲೇ ಮುಚ್ಚಿದೆ. ಹಾಗೆ ಮಾಡಿದರೆ ಆರಿದಾಗ ಒಳಗೆ ನಿರ್ವಾತ ಆಗುತ್ತದೆ.

ಮನೆಬಳಕೆಯ ಹಳೆ ಅಮೆರಿಕನ್ ಪಟ್ಟಿಯಲ್ಲಿ ಈ ಅಳತೆಯ ಮಾಂಸದ ಡಬ್ಬಿಗೆ 90 ನಿಮಿಷ. ಅಷ್ಟೇ ಇಟ್ಟೆ. ಮುಗಿದದ್ದು ರಾತ್ರಿ ಹತ್ತೂವರೆಗೆ. ಹಸಿವು, ನಿದ್ದೆ, ಕಾಕಾನ ಫೋನ್ ಮೇಲೆ ಫೋನ್. ಹಬೆ ವಾಲ್ವನ್ನು ಒಂದೇ ಸಲ ತೆರೆದುಬಿಟ್ಟೆ.

ಒಳಗಿನಿಂದ ‘ಢಬ್’, ‘ಢಬ್’. ಆಟೋಕ್ಲೇವಿನ ಒತ್ತಡ ಇಳಿಯಿತು, ಡಬ್ಬಿಯೊಳಗಿನ ಒತ್ತಡ ಇಳಿಯಲಿಲ್ಲ. ಮೂರು ಡಬ್ಬಿಗಳ ಮುಚ್ಚಳ ಕಡಬಿನ ಹಾಗೆ ಮೂಲೆ ಎದ್ದು ನಿಂತವು. ನಾಲ್ಕನೆಯದರ ಸೀಮಿನಿಂದ ಕೆಂಪು ಎಣ್ಣೆ ಒಸರುತ್ತಿತ್ತು. ನಾಲ್ಕನ್ನೂ ಹೂತೆ. ಬೀದಿನಾಯಿಗೂ ಹಾಕಲಿಲ್ಲ. ಮನೆಯವಳು ಏನೂ ಅನ್ನಲಿಲ್ಲ. ಮಾರನೇ ದಿನ ಊಟಕ್ಕೆ ಬರೀ ಸೊಪ್ಪಿನ ಪಲ್ಯ ಬಂತು.

ಮಾರ್ಚ್ 30: ಎರಡನೇ ಸಲ, ಕಪ್ಪು

ಮತ್ತೆ 3 ಕೆಜಿ, 2,700. ಈ ಸಲ ಬೆಂಕಿ ಆರಿಸಿ, ಗೇಜ್ ತಾನಾಗಿ ಸೊನ್ನೆಗೆ ಬರುವ ತನಕ ಮುಟ್ಟಲಿಲ್ಲ. 50 ನಿಮಿಷ ಹಿಡಿಯಿತು. ಮುಚ್ಚಳ ಚಪ್ಪಟೆ, ಸೋರಿಕೆ ಇಲ್ಲ.

ಡಬ್ಬಿಗಳನ್ನು ಆರಿಸುವ ನೀರಿನ ಬಗ್ಗೆ ಒಂದು ಮಾತು. ಡಬ್ಬಿ ಆರುವಾಗ ಒಳಕ್ಕೆ ಎಳೆಯುತ್ತದೆ. ರಬ್ಬರು ಇನ್ನೂ ಮೆತ್ತಗಿರುತ್ತದೆ. ಕೂದಲೆಳೆಯಷ್ಟು ಸಂದು ಇದ್ದರೂ ಹೊರಗಿನ ನೀರು ಒಳಗೆ. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಲ್ಲಿ ನಾನೂರಕ್ಕೂ ಹೆಚ್ಚು ಜನಕ್ಕೆ ಟೈಫಾಯ್ಡ್ ಬಂದದ್ದು ಹೀಗೇ. ಅರ್ಜೆಂಟೀನಾದಿಂದ ಬಂದ ದೊಡ್ಡ ಮಾಂಸದ ಡಬ್ಬಿ, ಆರಿಸಿದ್ದು ಕ್ಲೋರಿನ್ ಹಾಕದ ನದಿ ನೀರಿನಲ್ಲಿ. ನಮ್ಮಲ್ಲಿ ಮಲಪ್ರಭೆ ನೀರು ನಲ್ಲಿಗೆ ಬರುವುದೇ ದಿನ ಬಿಟ್ಟು ದಿನ ಬಿಟ್ಟು. ಟ್ಯಾಂಕಿನಲ್ಲಿ ನಿಂತ ನೀರನ್ನು ನಂಬಲಾರದೆ ಬ್ಲೀಚಿಂಗ್ ಪೌಡರ್ ಹಾಕಿದೆ.

ಮುಂದೆ 37 ಡಿಗ್ರಿಯಲ್ಲಿ 14 ದಿನ ಇಡಬೇಕು. ಕೆಡುವುದಿದ್ದರೆ ಉಬ್ಬಲಿ ಅಂತ. ಥರ್ಮೋಕೋಲ್ ಪೆಟ್ಟಿಗೆ, 40 ವ್ಯಾಟ್ ಬಲ್ಬು, ಥರ್ಮೋಸ್ಟ್ಯಾಟ್, ಒಟ್ಟು 450. ಬಲ್ಬು ಉರಿದದ್ದು ರಾತ್ರಿ ಮಾತ್ರ. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಪೆಟ್ಟಿಗೆಗಿಂತ ನಾವೇ ಜಾಸ್ತಿ ಬಿಸಿ ಇದ್ದೆವು.

ಏಪ್ರಿಲ್ 13ಕ್ಕೆ ಒಂದೂ ಉಬ್ಬಿರಲಿಲ್ಲ. ಖುಷಿಯಿಂದ ಒಂದನ್ನು ಕೊಯ್ದೆ. ಒಳಗೋಡೆ ಪೂರಾ ಕಪ್ಪು. ಮಸಿ ಬಳಿದ ಹಾಗೆ. ಮಾಂಸದಲ್ಲಿ, ಬೆಳ್ಳುಳ್ಳಿಯಲ್ಲಿ ಗಂಧಕ ಇರುತ್ತದೆ. ಅದು ತವರ, ಕಬ್ಬಿಣದ ಜೊತೆ ಸೇರಿ ಈ ಬಣ್ಣ. ಮಾವಿನ ಡಬ್ಬಿಗೂ ಮಾಂಸದ ಡಬ್ಬಿಗೂ ಒಳಲೇಪ ಬೇರೆ. ಹುಳಿಗೆ ತಡೆಯುವುದು ಎಆರ್, ಗಂಧಕಕ್ಕೆ ತಡೆಯುವುದು ಎಸ್‌ಆರ್. ನಾನು ತಂದಿದ್ದರಲ್ಲಿ ಯಾವುದೂ ಇಲ್ಲ, ಬರೀ ತವರ. ಖರೀದಿಗೆ ಮುಂಚೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಜೊತೆಗೆ ಅರೆದ ಕೊಬ್ಬರಿ ತಳದಲ್ಲಿ ಗಟ್ಟಿಯಾಗಿ ಕೂತು ಕಮಟು ವಾಸನೆ. ದಪ್ಪ ಮಸಾಲೆಯಲ್ಲಿ ಕಾವು ಓಡಾಡುವುದಿಲ್ಲ. ತೆಳು ಸಾರು ತಿರುಗುತ್ತದೆ, ಮಸಾಲೆ ಮುದ್ದೆ ತಿರುಗುವುದಿಲ್ಲ. ಪಟ್ಟಿಯ 90 ನಿಮಿಷ ಬರೀ ಮಾಂಸ, ಸಾರಿನ ಲೆಕ್ಕ. ನನ್ನ ಮಸಾಲೆಗೆ ಅದು ಅನ್ವಯ ಆಗುವುದೇ ಇಲ್ಲ. ಉಳಿದ ಮೂರನ್ನೂ ಹೂತೆ.

ಏಪ್ರಿಲ್ 15: ಡಬ್ಬಿಯೊಳಗೆ ಏನು ಹಾಕಬೇಕು?

ಎರಡು ಸಲ ಸೋತ ಮೇಲೆ ದೊಡ್ಡ ಕಂಪನಿಗಳು ಏನು ಹಾಕುತ್ತವೆ ಅಂತ ಪಟ್ಟಿ ನೋಡಿದೆ. ಅಮೆರಿಕದಲ್ಲಿ 1937ರಲ್ಲಿ ಹಾರ್ಮೆಲ್ ಕಂಪನಿ ತಂದ ಸ್ಪ್ಯಾಮ್‌ನ ಡಬ್ಬಿ ಮೇಲೆ ಇರುವುದು ಇಷ್ಟೇ: ಹಂದಿಮಾಂಸ ಮತ್ತು ಹ್ಯಾಮ್, ಉಪ್ಪು, ನೀರು, ಮಾರ್ಪಡಿಸಿದ ಆಲೂ ಹಿಟ್ಟು, ಸಕ್ಕರೆ, ಸೋಡಿಯಂ ನೈಟ್ರೈಟ್. ಆ ಆಲೂ ಹಿಟ್ಟೂ ಮೊದಲಿನದಲ್ಲ, 2009ರಲ್ಲಿ ಸೇರಿದ್ದು. ಮೇಲೆ ಲೋಳೆ ಕಟ್ಟುವುದನ್ನು ತಡೆಯಲು. ನೈಟ್ರೈಟ್ ಗುಲಾಬಿ ಬಣ್ಣ ಉಳಿಸುತ್ತದೆ, ಕ್ರಿಮಿಯನ್ನೂ ತಡೆಯುತ್ತದೆ. ನಾನು ಅದನ್ನು ಮುಟ್ಟಲಿಲ್ಲ. ಗ್ರಾಂ ಹೆಚ್ಚುಕಮ್ಮಿ ಆದರೆ ವಿಷ, ನನ್ನ ತಕ್ಕಡಿ ಅಷ್ಟು ಸೂಕ್ಷ್ಮದ್ದಲ್ಲ. ಬಣ್ಣಕ್ಕೆ ನಮಗೆ ಬ್ಯಾಡಗಿ ಇದೆ.

ಕಾರ್ನ್ಡ್ ಬೀಫ್ ಅಂತ ಇನ್ನೊಂದು. ಟರ್ನರ್ ಹುಡುಗ ‘ಅದರಾಗ ಗೋವಿನಜೋಳ ಹಾಕ್ತಾರೇನ್ರಿ?’ ಅಂದ. ಹಾವೇರಿ ಕಡೆಯವನು, ಅವನ ಲೆಕ್ಕ ಸರಿಯೇ. ಆದರೆ ಇಲ್ಲಿ ಕಾರ್ನ್ ಅಂದರೆ ಜೋಳ ಅಲ್ಲ, ಕಾಳಿನಷ್ಟು ದಪ್ಪ ಉಪ್ಪಿನ ಹರಳು. ದನದ ಮಾಂಸವನ್ನು ಆ ಉಪ್ಪಿನಲ್ಲಿ ಹದ ಮಾಡಿ ಡಬ್ಬಿಗೆ ಒತ್ತುತ್ತಾರೆ. ಉರುಗ್ವೆಯ ಫ್ರೇ ಬೆಂಟೋಸ್ ಊರಿನಿಂದ ಹಡಗುಗಟ್ಟಲೆ ಹೋಗುತ್ತಿತ್ತು. ಬ್ರಿಟಿಷ್ ಸೈನಿಕರ ‘ಬುಲ್ಲಿ ಬೀಫ್’ ಇದೇ. ಅದರಲ್ಲಿ ಗೂಳಿ ಇಲ್ಲ, ಬೇಯಿಸಿದ್ದು ಅನ್ನುವ ಫ್ರೆಂಚ್ ಮಾತು ‘ಬುಯಿ’ ಹೀಗಾಯಿತು ಅನ್ನುತ್ತಾರೆ. ಆ ಡಬ್ಬಿಯ ಒಂದು ತುದಿ ಅಗಲ, ಇನ್ನೊಂದು ಕಿರಿದು. ತಟ್ಟಿದರೆ ಮಾಂಸ ಸೋಪಿನ ತುಂಡಿನಂತೆ ಇಡಿಯಾಗಿ ಜಾರಿ ಬೀಳಲಿ ಅಂತ. 1875ರಲ್ಲಿ ಶಿಕಾಗೋದಲ್ಲಿ ಬಂದ ಉಪಾಯ. ಯಾರೋ ನನ್ನಂಥವನೇ ಲೇತ್ ಮುಂದೆ ಕೂತು ಯೋಚಿಸಿದ್ದು ಅನ್ನಿಸುತ್ತದೆ.

ಪಟ್ಟಿ ನೋಡಿ ತೀರ್ಮಾನ ಮಾಡಿದೆ. ಕೊಬ್ಬರಿ ಇಲ್ಲ, ಗಸಗಸೆ ಇಲ್ಲ, ಕೊತ್ತಂಬರಿ ಸೊಪ್ಪು ಇಲ್ಲ. ಮಟನ್, ಉಪ್ಪು, ಸಾರು, ಇಡೀ ಬ್ಯಾಡಗಿ ಎರಡು, ಲವಂಗ ಎರಡು. ಮಸಾಲೆ ಬೇಕಿದ್ದವರು ಡಬ್ಬಿ ತೆರೆದ ಮೇಲೆ ಒಗ್ಗರಣೆ ಹಾಕಿಕೊಳ್ಳಲಿ. ಕಾಕಾನಿಗೆ ಇದು ಹಿಡಿಸಿತು. ‘ಫೌಜಿ ಡಬ್ಬ್ಯಾಗ ಇದರಕಿಂತ ಜಾಸ್ತಿ ಏನೂ ಇರ್ತಿದ್ದಿಲ್ಲ’ ಅಂದರು. ಸಾವಜಿ ಡಬ್ಬಿಯ ಕನಸು ಅಲ್ಲಿಗೆ ಮುಗಿಯಿತು.

ಏಪ್ರಿಲ್ 20: ಮೂರನೇ ಸಲ

ಎಸ್‌ಆರ್ ಲೇಪದ ಡಬ್ಬಿ 25, ಒಂದಕ್ಕೆ 41, ಒಟ್ಟು 1,025. ಮಟನ್ 6 ಕೆಜಿ, 5,400. ಎಂಟು ಡಬ್ಬಿ, ಎರಡು ಸರದಿ. ಲೇಪದ ತಗಡು ಸ್ವಲ್ಪ ಜಾರುತ್ತದೆ, ಎರಡನೇ ರೋಲರನ್ನು ಒಂದು ಕಾಲು ಸುತ್ತು ಬಿಗಿ ಮಾಡಿದೆ. ಮೊದಲು ಮೂರು ಖಾಲಿ ಡಬ್ಬಿ ಮುಚ್ಚಿ ಕೊಯ್ದು ಅಳೆದ ಮೇಲೆಯೇ ಮಟನ್ ತುಂಬಿದೆ. ಈ ಕ್ರಮ ಮಾರ್ಚ್‌ನಲ್ಲೇ ಬರಬೇಕಿತ್ತು.

ಮೇ 4ರ ಹೊತ್ತಿಗೆ ಎಂಟರಲ್ಲಿ ಒಂದು ಒದ್ದೆ. ಡಬ್ಬಿಯ ಪಕ್ಕದ ಉದ್ದ ಬೆಸುಗೆ ಮೇಲಿನ ಸೀಮಿಗೆ ಸೇರುವ ಕಡೆ ತಗಡು ದಪ್ಪ. ಅಲ್ಲಿ ಮುಚ್ಚಳದ ಅಂಚು ನಾಲಿಗೆಯಂತೆ ಕೆಳಗೆ ಇಳಿದಿತ್ತು. ಹ್ಯಾಂಡಲ್ ತಿರುಗಿಸುವಾಗ ಆ ಜಾಗದಲ್ಲಿ ಸಣ್ಣಗೆ ‘ಟಕ್’ ಅಂದದ್ದು ನನಗೆ ನೆನಪಿದೆ. ಕೈಗೆ ಗೊತ್ತಾಗಿತ್ತು, ತಲೆ ಕೇಳಲಿಲ್ಲ. ಇನ್ನೆರಡನ್ನು ಕೊಯ್ದೆ. ಒಳಗೋಡೆ ಹೊಳೆಯುತ್ತಿದೆ. ಹಿಡಿತ 1.10 ಮತ್ತು 1.20. ಮಟನ್ ಕೆಂಪಗೆ, ಎಳೆಎಳೆ. ವಾಸನೆ ಎಷ್ಟು ಚೆನ್ನಾಗಿತ್ತೆಂದರೆ ಟರ್ನರ್ ಹುಡುಗ ರೊಟ್ಟಿ ತರಲು ಎದ್ದೇಬಿಟ್ಟ. ಕೂರಿಸಿದೆ.

ಮೇ 6ರಿಂದ ಇವತ್ತಿನ ತನಕ: ನಡುಭಾಗ

ಸೀಮ್ ಕಣ್ಣಿಗೆ ಕಾಣುತ್ತದೆ, ಮೈಕ್ರೋಮೀಟರಿಗೆ ಸಿಗುತ್ತದೆ. ಡಬ್ಬಿಯ ನಟ್ಟನಡುವೆ ಎಷ್ಟು ಕಾವು ಮುಟ್ಟಿತು? ಅದು ಸಿಗುವುದಿಲ್ಲ. ಥರ್ಮಾಮೀಟರ್ ಹೇಳುವುದು ಆಟೋಕ್ಲೇವಿನ ಕಾವು. ಉಬ್ಬದೆ ಇದ್ದದ್ದೂ ಪುರಾವೆ ಅಲ್ಲ.

1852ರಲ್ಲಿ ಬ್ರಿಟಿಷ್ ನೌಕಾಪಡೆಯ ಉಗ್ರಾಣದಲ್ಲಿ ಮಾಂಸದ ಡಬ್ಬಿ ತೆರೆದರೆ ಬಹಳಷ್ಟು ಕೊಳೆತು ನಾರುತ್ತಿದ್ದವು. ಸ್ಟೀಫನ್ ಗೋಲ್ಡ್‌ನರ್ ಅನ್ನುವವನ ಸರಬರಾಜು. ಡಬ್ಬಿ ದೊಡ್ಡದು, ನಡುವಿನ ತನಕ ಕಾವು ಮುಟ್ಟಿರಲಿಲ್ಲ ಅನ್ನುವುದು ಆಮೇಲೆ ಕೊಟ್ಟ ಕಾರಣ. ಕ್ರಿಮಿಯಿಂದಲೇ ಆಹಾರ ಕೆಡುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ, ಪಾಶ್ಚರ್ ಅದನ್ನು ತೋರಿಸಿದ್ದು 1860ರ ದಶಕದಲ್ಲಿ. 1895ರಲ್ಲಿ ಬಾಸ್ಟನ್ನಿನ ಡಬ್ಬಿ ಮನೆತನದ ವಿಲಿಯಂ ಅಂಡರ್‌ವುಡ್ ಉಬ್ಬಿದ ಡಬ್ಬಿಗಳನ್ನು ಹಿಡಿದು ಎಂಐಟಿಗೆ ಹೋದ. ಅಲ್ಲಿನ ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಜೊತೆ ಸೇರಿ ಡಬ್ಬಿಯೊಳಗೇ ಥರ್ಮಾಮೀಟರ್ ಇಟ್ಟು ಕಾಯಿಸಿ ನೋಡಿದರು. ನಾನು ಮಾಡಬೇಕಾದದ್ದೂ ಅದೇ. ಮೊದಲೇ ಮಾಡಬೇಕಿತ್ತು.

ಕೆ ಟೈಪ್ ಥರ್ಮೋಕಪಲ್, ಅಂದರೆ ತುದಿಯಲ್ಲಿ ಕಾವು ಅಳೆಯುವ ವೈರು ತಂದೆ, 380 ರೂಪಾಯಿ. ಡಬ್ಬಿಯ ಪಕ್ಕದಲ್ಲಿ ಅರ್ಧ ಎತ್ತರಕ್ಕೆ 6 ಮಿ.ಮೀ. ತೂತು ಹಾಕಿ, ತುದಿ ನಡುವಿನ ಮಟನ್ ತುಂಡಿಗೆ ಚುಚ್ಚಿ, ಸುತ್ತ ಎಪಾಕ್ಸಿ ಮೆತ್ತಿದೆ. 108 ಡಿಗ್ರಿಗೆ ಎಪಾಕ್ಸಿ ಚೂಯಿಂಗ್ ಗಮ್ ಆಯಿತು. ಸಾರೆಲ್ಲ ಆಟೋಕ್ಲೇವಿನೊಳಗೆ. ಎರಡನೇ ಸಲ ಸಿಲಿಕಾನ್ ವಾಷರ್ ಹಾಕಿದೆ. ಕಾವಿಗೆ ತಡೆಯಿತು, ಆದರೆ ವೈರಿನ ಹೆಣಿಗೆಯ ಒಳಗಿನಿಂದಲೇ ಹಬೆ ನುಗ್ಗಿ ಮೀಟರ್ ಹುಚ್ಚು ಹುಚ್ಚಾಗಿ ಅಂಕಿ ತೋರಿಸಿತು. ಈ ಎರಡೂ ಪರೀಕ್ಷೆಗೆ ಕೊಯ್ದ ಡಬ್ಬಿಯ ಮಟನ್ನೇ ಬಳಸಿದ್ದರಿಂದ ಹೊಸ ಖರ್ಚಿಲ್ಲ. ಇಲ್ಲಿಯ ತನಕ ಒಟ್ಟು 26,575 ರೂಪಾಯಿ. ಅದರಲ್ಲಿ ಮಟನ್ ಒಂದಕ್ಕೇ 10,800.

ಈಗ ಆ ತೂತನ್ನು ಸೋರದಂತೆ ಬಿಗಿಯುವ ಹಿತ್ತಾಳೆಯ ಗ್ಲ್ಯಾಂಡ್ ತಿರುಗಿಸುತ್ತಿದ್ದೇನೆ. ಎಂ8 ಥ್ರೆಡ್, ಒಳಗೆ ಟೆಫ್ಲಾನ್ ಕೋನ್, ಹೆಣಿಗೆ ವೈರಿನ ಬದಲು 3 ಮಿ.ಮೀ. ಸ್ಟೀಲ್ ಕೊಳವೆಯ ಥರ್ಮೋಕಪಲ್. ಅದು ಬೆಂಗಳೂರಿನಿಂದ ಬರಬೇಕು, ಮುಂದಿನ ವಾರ ಅಂದಿದ್ದಾರೆ. ಬಂದ ಮೇಲೆ ಐದು ನಿಮಿಷಕ್ಕೊಮ್ಮೆ ನಡುಭಾಗದ ಕಾವು ಬರೆದುಕೊಳ್ಳಬೇಕು. ಆ ಅಂಕಿಗಳನ್ನು, ಜೊತೆಗೆ ಎರಡು ಡಬ್ಬಿಗಳನ್ನು ಆಹಾರ ಪರೀಕ್ಷೆಯ ಲ್ಯಾಬಿಗೆ ಕಳಿಸಬೇಕು.

ನಿನ್ನೆ ಸಂಜೆ ಕಾಕಾ ಕಪಾಟಿನಿಂದ ಒಂದು ಡಬ್ಬಿ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದರು. ‘ಒಳಗ ಮಾತಾಡಾಕತ್ತೈತಿ’ ಅಂದರು. ವಾಪಸ್ ಇಟ್ಟರು. ಎಣಿಸಿದೆ. ಐದಿದ್ದವು.